ಬಿಡು ಅಂದರೆ ಒಂದು ತುತ್ತು

ರೋಣೂರಿನ ಹಿಂದಿನ ತೋಪಿನಲ್ಲಿ
ಕಾಯಿ ಬಲಿಯುವ ಮೂರು ತಿಂಗಳು ನಮ್ಮ ಕಾವಲು.
ಕಳ್ಳರಿಗೆ ನಾಯಿ, ಕೋತಿಗೆ ಕವಣೆ,
ಹುಳಕ್ಕೆ ಮಾತ್ರ ಏನೂ ಇಲ್ಲ.

ಹುಳ ಅಂತಲೇ ಅನ್ನಬೇಕು, ರಾತ್ರಿ ಹೊತ್ತು.
ಹಗಲಾದರೆ ಬಾಯಿ ತುಂಬ ಹೇಳಬಹುದು:
ಕೊಳಕುಮಂಡಲ, ನಾಗರ, ಕೇರೆ.
ಕತ್ತಲಲ್ಲಿ ಹೆಸರೆತ್ತಿದರೆ
ಕರೆದ ಹಾಗಾಗಿ ಬಂದುಬಿಡುತ್ತದಂತೆ.
ನಾಯಿಗೆ ಈ ಮರ್ಯಾದೆ ಯಾರು ಕಲಿಸಿದ್ದಾರೆ?
ಕಂಡದ್ದನ್ನೆಲ್ಲ ಕಂಡ ಕೂಡಲೇ
ಕೂಗಿ ಕರೆಯುವುದೇ ಅದರ ಕೆಲಸ.

ಹೋದ ವರ್ಷದವಳು ಬೇನಿಷಾ.
ಆ ಹಣ್ಣಿನ ಹಾಗೇ ಹಳದಿ ಮೈ, ಸಿಹಿ ಬುದ್ಧಿ.
ಉದುರಿದ ಹಣ್ಣಿಗೆ ಇಲಿ ಬಂತು,
ಇಲಿಗೆ ಹುಳ ಬಂತು,
ಹುಳಕ್ಕೆ ಇವಳು ಹೋದಳು.
ತರಗಿನೊಳಗೆ ಕುಕ್ಕರಿನ ಹಾಗೆ ಬುಸ್ಸೆಂದ ಸದ್ದು,
ಒಂದೇ ಒಂದು ಕುಂಯ್,
ಆಮೇಲೆ ಏನೂ ಆಗಿಲ್ಲವೆನ್ನುವಂತೆ ಬಂದು
ನನ್ನ ಕಾಲ ಹತ್ತಿರ ಮಲಗಿದಳು.
ನಾನೂ ಮಲಗಿದೆ.

ಬೆಳಕು ಹರಿದಾಗ ಮೂತಿ ಬದನೆಕಾಯಿ.
ಅಫ್ಸರ್ ಸಾಬರ ಟಿವಿಎಸ್ ಮೇಲೆ
ಗೋಣಿಚೀಲದಲ್ಲಿ ಸುತ್ತಿ, ಮಡಿಲಲ್ಲಿಟ್ಟು,
ಶ್ರೀನಿವಾಸಪುರದ ತನಕ ಅವಳ ಉಸಿರು ಎಣಿಸಿದೆ.
ಡಾಕ್ಟರಮ್ಮ ಕೇಳಿದರು: ಯಾವಾಗ ಮುಟ್ಟಿದ್ದು?
ರಾತ್ರಿ, ಅಂದೆ.
ರಾತ್ರಿ ಎಷ್ಟು ಗಂಟೆಗಮ್ಮ?
ನನಗೆ ರಾತ್ರಿ ಎಂದರೆ ಇಡೀ ಒಂದೇ ತುಂಡು.
ಅದರೊಳಗೂ ಗಂಟೆಗಳಿದ್ದವು,
ಒಂದೊಂದಾಗಿ ಕೈಜಾರಿ ಹೋಗಿದ್ದವು ಅಂತ
ಆ ಬಾಗಿಲಲ್ಲಿ ನಿಂತಾಗಲೇ ಗೊತ್ತಾದದ್ದು.

ಈ ವರ್ಷ ಸೇಂದೂರ.
ಕೆನ್ನೆಯ ಮೇಲೆ ಕೆಂಪು, ಬಾಲದಲ್ಲಿ ಪೊಗರು.
ಅವನಿಗಿಂತ ಮೊದಲು
ಸಂತೆಯಲ್ಲಿ ನೂರೈವತ್ತಕ್ಕೆ ಒಂದು ಕೈಗಡಿಯಾರ ಬಂತು.
ಗುಡಿಸಲ ಸುತ್ತ ಹತ್ತು ಹೆಜ್ಜೆ ತರಗು ಗುಡಿಸಿದೆ,
ಕ್ರೇಟುಗಳನ್ನು ದೂರಕ್ಕೆ ದಬ್ಬಿಸಿದೆ.
ಹೊತ್ತು ಮುಳುಗುವ ಮುಂಚೆ ಬಿದ್ದ ಹಣ್ಣೆಲ್ಲ ಬುಟ್ಟಿಗೆ,
ದೀಪ ಹಚ್ಚಿದ ಮೇಲೆ ಅವನು ಹಗ್ಗಕ್ಕೆ,
ಹಗ್ಗದ ಇನ್ನೊಂದು ತುದಿ ನನ್ನ ಕೈಗೆ.
ಮಲಗಲು ಹಳೇ ಮಂಚ.
ಬಯ್ಯಣ್ಣ ನಗುತ್ತಾನೆ:
ಗಂಡ ಚಾಪೆಯ ಮೇಲೆ, ನಾಯಿ ಮಂಚದ ಮೇಲೆ,
ನಿನ್ನ ತವರಲ್ಲಿ ಹಿಂಗೇನಾ?
ಮಾತು ಮುಗಿಸಿ, ಚಾಪೆ ಕೊಡವಿ ನೋಡುತ್ತಾನೆ, ಎರಡು ಸಲ.

ಪಾಠಕ್ಕೆ ಒಂದು ತುಂಡು ಡ್ರಿಪ್ ಪೈಪು.
ಕಪ್ಪಗೆ ಸುರುಳಿ ಸುತ್ತಿ ಹುಲ್ಲಲ್ಲಿಟ್ಟೆ.
ಮೊದಲ ದಿನ ಹಿಡಿದು ಒದರಿ ಕೊಂದ,
ಮೂರನೇ ದಿನವೂ ಕೊಂದ.
ಬಿಡು, ಅಂದೆ. ಬಿಡು.
ಬಿಟ್ಟರೆ ಸಾರಲ್ಲಿ ಅದ್ದಿದ ಮುದ್ದೆ, ಒಂದು ತುತ್ತು.
ಹನ್ನೊಂದನೇ ದಿನ ಪೈಪಿನ ಮುಂದೆಯೇ ಹಾದು
ಬಡ್ಡಿ ಕೊಡಬೇಕಾದವನನ್ನು ಕಂಡವನಂತೆ
ಮುಖ ತಿರುಗಿಸಿಕೊಂಡು ಬಂದ.

ಪೈಪಿಗೆ ವಾಸನೆಯಿಲ್ಲ, ಬುಸುಗುಟ್ಟುವುದಿಲ್ಲ,
ನನಗೆ ಗೊತ್ತು.
ಅವನು ಕಲಿತದ್ದು ಹುಳವನ್ನು ಬಿಡುವುದೋ,
ಪೈಪನ್ನು ಬಿಡುವುದೋ,
ಬರೀ ಮುದ್ದೆಯ ದಾರಿಯೋ,
ಯಾವ ದೇವರನ್ನು ಕೇಳಲಿ.

ನಿನ್ನೆ ಸೆಕೆ, ಎಲೆ ಅಲ್ಲಾಡಲಿಲ್ಲ.
ಹಗ್ಗ ಎಲ್ಲಿ ಸಡಿಲಿತೋ,
ತೋತಾಪುರಿ ಸಾಲಿನ ಕಡೆ ಹೋದವನು
ಬೊಗಳದೆ ಹಿಂದಿರುಗಿ ಬಂದ,
ನನ್ನೆದುರು ಕೂತು ತುಟಿ ಸವರಿಕೊಂಡ.
ಮೂತಿ ಮುಟ್ಟಿದೆ, ಕಾಲು ತಡವಿದೆ,
ಒಂದೊಂದು ಉಗುರಿನ ಸಂದಿಗೂ ಟಾರ್ಚು ಬಿಟ್ಟೆ.
ಸಾಲಿನ ಧೂಳಲ್ಲಿ ಒಂದು ಗೆರೆ ಇತ್ತು,
ಎಳೆದಾಡಿದ ಹಗ್ಗದ್ದೂ ಇರಬಹುದು.
ಎಂಟೂ ಇಪ್ಪತ್ತೈದು, ನೆನಪಿಟ್ಟುಕೊಂಡೆ.
ತುತ್ತು ಕೊಟ್ಟೆ.

ಒಂಬತ್ತಕ್ಕೆ ಮತ್ತೆ ಎದ್ದ,
ಹಗ್ಗದಳತೆಯಷ್ಟೇ ಹೋಗಿ, ಕತ್ತಲನ್ನು ನೋಡಿ,
ಬಂದು ಕೂತ. ತುಟಿ ಸವರಿಕೊಂಡ.
ಕಳ್ಳ ನನ್ಮಗ, ಅಂದ ಬಯ್ಯಣ್ಣ, ಚಾಪೆಯಿಂದ.
ಇರಬಹುದು.
ಪಾತ್ರೆಯ ತಳ ಕೆರೆದೆ.